ಆಪಾಗೆ ಹೇಳಿದ ಯುದ್ಧದ ಕಥೆ

ನನ್ನ ಅಕ್ಕನ ಮಗ ಸೈನ್ಯದಲ್ಲಿ ಲೆಫ್ಟಿನೆಂಟ್. 2025ರ ರಮಜಾನ್ ಈದ್‌ಗೆ ಹತ್ತು ದಿನ ರಜೆ ಹಾಕಿ ಬಂದವನು ಹಿಂದಿರುಗುವಾಗ ನಮ್ಮ ಮನೆಗೆ ಬಂದು ಒಂದು ಇಂಗ್ಲಿಷ್ ಪುಸ್ತಕ ಕೊಟ್ಟು ಹೋದ. "ಖಾಲಾ, ನೀವು ಕಥೆ ಬರೆಯುವವರು. ಇದನ್ನೊಮ್ಮೆ ಓದಿ ನೋಡಿ" ಎಂದ. ಮುಖಪುಟದ ಮೇಲೆ ಕಪ್ಪು ಆಕಾಶ, ನಕ್ಷತ್ರಗಳು, ಲೋಹದ ಉಡುಪು ತೊಟ್ಟ ಸೈನಿಕ. ಇದು ನನ್ನಂಥವಳ ಓದಲ್ಲ ಎಂದುಕೊಂಡು ಕಪಾಟಿನ ಮೇಲೆ ಇಟ್ಟೆ. ಒಂದು ತಿಂಗಳು ಅದು ಅಲ್ಲೇ ಧೂಳು ತಿಂದಿತು.

ಏಳನೇ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು, ಹೀಗೆ ಓದಿ ಬಂದವಳು ನಾನು. ನನ್ನ ಓದಿನಲ್ಲಿ ಮೊದಲು ಬಂದ ಮಿಲಿಟರಿ ಹುದ್ದೆಯ ಮನುಷ್ಯ ಇಬ್ನೆ ಸಫಿಯವರ ಕ್ಯಾಪ್ಟನ್ ಹಮೀದ್. ಅಬ್ಬಾ ತಮ್ಮ ಟ್ರಂಕಿನಲ್ಲಿ 'ಜಾಸೂಸಿ ದುನಿಯಾ'ದ ಹಳೆಯ ಪ್ರತಿಗಳನ್ನು ಬಟ್ಟೆಯ ಅಡಿಗೆ ಬಚ್ಚಿಟ್ಟಿರುತ್ತಿದ್ದರು, ನಾವು ಮಕ್ಕಳು ಬಚ್ಚಿಟ್ಟು ಓದುತ್ತಿದ್ದೆವು. ಆ ಕ್ಯಾಪ್ಟನ್ ಎಂದೂ ಹೆದರುತ್ತಿರಲಿಲ್ಲ. ಅವನಿಗೊಬ್ಬ ತಾಯಿ ಇದ್ದಾಳೆ, ಅವಳು ರಾತ್ರಿ ನಿದ್ದೆಗೆಟ್ಟು ಕೂತಿರುತ್ತಾಳೆ ಎಂಬ ಯೋಚನೆ ನಮಗೂ ಬರುತ್ತಿರಲಿಲ್ಲ.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಮೇ 7ರ ನಸುಕಿನಲ್ಲಿ ನಮ್ಮ ಸೈನ್ಯ ಗಡಿಯಾಚೆ ದಾಳಿ ಮಾಡಿತು. ಹುಡುಗ ಪಶ್ಚಿಮದ ಗಡಿಯಲ್ಲಿ ಎಲ್ಲೋ ಇದ್ದಾನೆ ಎಂಬುದಷ್ಟೇ ನಮಗೆ ಗೊತ್ತಿತ್ತು. "ಕೆಲವು ದಿನ ಫೋನ್ ಇರುವುದಿಲ್ಲ, ಅಮ್ಮಿಯನ್ನು ನೋಡಿಕೊಳ್ಳಿ" ಎಂಬ ಒಂದು ಮೆಸೇಜು ಬಂದದ್ದೇ ಕೊನೆ. ಭಾವ ಸರ್ಕಾರಿ ಬಸ್ಸಿನ ಡ್ರೈವರು, ಅವರಿಗೆ ರಾತ್ರಿ ಪಾಳಿ. ಆಪಾ ಒಬ್ಬಳೇ ಇರುತ್ತಾಳೆಂದು ನಾನು ಹಾಸಿಗೆ ಬಟ್ಟೆ ತೆಗೆದುಕೊಂಡು ಅವಳ ಮನೆಗೆ ಹೋದೆ. ಶಾಲೆಗೆ ಬೇಸಿಗೆ ರಜೆ ಇತ್ತು. ಚೀಲದಲ್ಲಿ ಆ ಪುಸ್ತಕವನ್ನೂ ಹಾಕಿಕೊಂಡೆ. ಯಾಕೆ ಎಂದು ಈಗ ಕೇಳಿದರೆ ಹೇಳಲಾರೆ. ಅವನು ಕೈಯಲ್ಲಿ ಹಿಡಿದ ವಸ್ತು ಮನೆಯಲ್ಲಿ ಇರಲಿ ಎಂದಿರಬಹುದು.

ಆಪಾ ಟಿವಿ ಹಾಕಲು ಬಿಡಲಿಲ್ಲ. ಹಾಕದೆ ಇರಲೂ ಆಗಲಿಲ್ಲ. ಹತ್ತು ನಿಮಿಷ ಹಾಕುವುದು, ಆರಿಸುವುದು, ಮತ್ತೆ ಹಾಕುವುದು. ಕೊನೆಗೆ ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಬಂದು, "ಅವನು ಕೊಟ್ಟ ಪುಸ್ತಕದಲ್ಲಿ ಏನಿದೆ, ಅದನ್ನಾದರೂ ಹೇಳು" ಎಂದಳು. ಅವಳಿಗೆ ಇಂಗ್ಲಿಷ್ ಬಾರದು. ನಾನು ಹಗಲು ಓದಿದ್ದನ್ನು ರಾತ್ರಿ ನಮ್ಮ ದಖನಿಯಲ್ಲಿ ಹೇಳತೊಡಗಿದೆ. ಹೀಗೆ ನಾಲ್ಕು ರಾತ್ರಿ ನಡೆಯಿತು.

ಪುಸ್ತಕದ ಹೆಸರು 'ದಿ ಫಾರೆವರ್ ವಾರ್'. ಎಂದೂ ಮುಗಿಯದ ಯುದ್ಧ. ಅಮೆರಿಕದ ಜೋ ಹಾಲ್ಡೆಮನ್ 1974ರಲ್ಲಿ ಪ್ರಕಟಿಸಿದ ಕಾದಂಬರಿ. ನಕ್ಷತ್ರ ಮತ್ತು ನಕ್ಷತ್ರಗಳ ನಡುವೆ ನಡೆಯುವ ಯುದ್ಧದಲ್ಲಿ ವಿಲಿಯಂ ಮಂಡೆಲ್ಲಾ ಎಂಬ ಹುಡುಗ ಹೇಗೋ ಸಾಯದೆ ಉಳಿಯುತ್ತಾ ಹೋಗುತ್ತಾನೆ. ಸಾಮಾನ್ಯ ಸೈನಿಕನಾಗಿ ಸೇರಿದವನು ಲೆಫ್ಟಿನೆಂಟ್ ಆಗುತ್ತಾನೆ, ಮೇಜರ್ ಆಗುತ್ತಾನೆ. ಶೌರ್ಯಕ್ಕಿಂತ ಹೆಚ್ಚಾಗಿ, ಉಳಿದವರು ಸತ್ತದ್ದರಿಂದ.

ಕಥೆಯಲ್ಲಿ ಭೂಮಿಯ ಒಂದು ಹಡಗು ರೋಹಿಣಿ ನಕ್ಷತ್ರದ ಬಳಿ ನಾಶವಾಗುತ್ತದೆ. ಯಾರು ನಾಶ ಮಾಡಿದರು, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಆ ನಕ್ಷತ್ರಕ್ಕೆ ಆಲ್ಡೆಬರಾನ್ ಎನ್ನುತ್ತಾರೆ. ಆ ಹೆಸರು ಅವರದ್ದಲ್ಲ, ಅರಬ್ಬಿಯ 'ಅದ್-ದಬರಾನ್', ಹಿಂಬಾಲಿಸುವವನು. ಆಕಾಶದಲ್ಲಿ ಅದು ಕೃತ್ತಿಕೆಯನ್ನು ಹಿಂಬಾಲಿಸುತ್ತದೆ, ಅದಕ್ಕೆ ಆ ಹೆಸರು. ನಮ್ಮ ಕಡೆಯ ರೈತರಿಗೆ ಅದು ರೋಹಿಣಿ. ರೋಹಿಣಿ ಮಳೆಗೆ ಬಿತ್ತಿದರೆ ಓಣಿ ತುಂಬ ಜೋಳ ಎನ್ನುತ್ತಾರಲ್ಲ, ಅದೇ ರೋಹಿಣಿ. ಆ ಮಳೆಯ ದಿನಗಳಲ್ಲಿ ಸೂರ್ಯ ಅದರ ಜೊತೆಗೇ ಇರುವುದರಿಂದ ನಕ್ಷತ್ರ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 65 ವರ್ಷ ಬೇಕು. ಅಂದರೆ ಇಂದು ನಾವು ನೋಡುವ ರೋಹಿಣಿ ಆಪಾ ಹುಟ್ಟುವ ಮೊದಲಿನ ರೋಹಿಣಿ. ಇದನ್ನು ಹೇಳಿದಾಗ ಆಪಾ, "ಅಷ್ಟು ದೂರದವರಿಗೆ ನಮ್ಮ ಹತ್ತಿರ ಏನು ಜಗಳ?" ಎಂದು ಕೇಳಿದಳು. ಇಡೀ ಕಾದಂಬರಿ ಕೇಳುವ ಪ್ರಶ್ನೆಯೂ ಅದೇ ಎಂದು ನನಗಾಗ ಗೊತ್ತಿರಲಿಲ್ಲ, ನಾನು ನಲವತ್ತನೇ ಪುಟದಲ್ಲಿದ್ದೆ.

ಆ ನಕ್ಷತ್ರ ವೃಷಭ ರಾಶಿಯಲ್ಲಿರುವುದರಿಂದ ಶತ್ರುವಿಗೆ 'ಟಾರನ್' ಎಂಬ ಹೆಸರು ಬೀಳುತ್ತದೆ. ಯಾರೂ ಅವರನ್ನು ನೋಡಿಲ್ಲ. ಹೆಸರು ಮಾತ್ರ ತಯಾರಾಗಿದೆ.

ಸರ್ಕಾರ ಒಂದು ಕಾನೂನು ಮಾಡಿ ಬುದ್ಧಿವಂತರಲ್ಲಿ ಬುದ್ಧಿವಂತರನ್ನು, ಐಕ್ಯೂ 150ಕ್ಕಿಂತ ಹೆಚ್ಚಿರುವ 50 ಗಂಡಸರು ಮತ್ತು 50 ಹೆಂಗಸರನ್ನು, ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತದೆ. ಮಂಡೆಲ್ಲಾ ಭೌತಶಾಸ್ತ್ರ ಓದುತ್ತಿದ್ದವನು. ತರಬೇತಿ ನಡೆಯುವುದು ಪ್ಲೂಟೋಗಿಂತ ಆಚೆ, ಷಾರನ್ ಎಂಬ ಕತ್ತಲ ಗ್ರಹದಲ್ಲಿ. (ಆಗ ಅದು ಲೇಖಕರ ಕಲ್ಪನೆ. 1978ರಲ್ಲಿ ಪ್ಲೂಟೋಗೆ ನಿಜವಾಗಿಯೂ ಒಂದು ಚಂದ್ರ ಸಿಕ್ಕಿತು, ಅದಕ್ಕೂ ಅದೇ ಹೆಸರಿಟ್ಟರು. ಕಥೆಗಾರರಿಗೆ ಇಂಥ ಅದೃಷ್ಟ ಅಪರೂಪ.) ಅಲ್ಲಿ ಹೈಡ್ರೋಜನ್ ಕೂಡ ಹೆಪ್ಪುಗಟ್ಟಿ ನೆಲವಾಗಿದೆ. ಉಡುಪಿನ ಬಿಸಿ ಭಾಗ ಅದಕ್ಕೆ ತಾಗಿದರೆ ಸ್ಫೋಟ. ಶತ್ರುವನ್ನು ನೋಡುವ ಮೊದಲೇ ತರಬೇತಿಯಲ್ಲಿಯೇ ಹುಡುಗ ಹುಡುಗಿಯರು ಸಾಯುತ್ತಾರೆ. ಈ ಭಾಗವನ್ನು ನಾನು ಆಪಾಗೆ ಬೇಗ ಬೇಗ ಹೇಳಿ ಮುಗಿಸಿದೆ.

ಎರಡನೇ ದಿನ ಬೆಳಿಗ್ಗೆ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಅಲ್ಲಿ ನನಗೆ ವರ್ಷಗಳಿಂದ ಪರಿಚಯವಿರುವ ಒಬ್ಬರು ನಗುತ್ತಾ, "ಏನ್ರಿ ಟೀಚರ್, ನಿಮ್ಮ ಹುಡುಗ ಅವರ ಮ್ಯಾಲೆ ಗುಂಡು ಹೊಡೀತಾನೋ, ಆಕಾಶದಾಗ ಹೊಡೀತಾನೋ?" ಎಂದರು. ತಮಾಷೆಗೇ ಅಂದದ್ದು. ಸುತ್ತ ನಿಂತವರಲ್ಲಿ ಇಬ್ಬರು ನಕ್ಕರು, ಗಿರಣಿಯವನು ಮಾತ್ರ ತಲೆ ತಗ್ಗಿಸಿ ಹಿಟ್ಟು ತುಂಬುತ್ತಿದ್ದ. ನಾನೇನೂ ಹೇಳಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದೆ. ದಾರಿಯಲ್ಲಿ ಹತ್ತು ಉತ್ತರ ಹೊಳೆದವು, ಎಲ್ಲವೂ ತಡವಾಗಿ. ಅದೇ ಸಂಜೆ ಪಕ್ಕದ ಗೌಡರ ಮನೆಯ ಮುದುಕಿ ಎಂದಿನಂತೆ ಗೋಡೆಯ ಆಚೆಯಿಂದ "ಫೋನ್ ಬಂತೇನವಾ?" ಎಂದು ಕೇಳಿದಾಗ ನನಗೆ ಅಳು ಬಂತು. ಆಪಾಗೆ ಗಿರಣಿಯ ಮಾತು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಅವಳು ಪತ್ರಿಕೆ ಓದುವವಳಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ರಾತ್ರಿ ಕಥೆಯಲ್ಲಿ ಮೊದಲ ಕಾಳಗ. ಭೂಮಿಯ ಸೈನಿಕರು ಒಂದು ದೂರದ ಗ್ರಹದಲ್ಲಿ ಟಾರನ್‌ಗಳ ನೆಲೆಯ ಮೇಲೆ ಬೀಳುತ್ತಾರೆ. ದಾಳಿಗೆ ಮುನ್ನ ಅವರ ಮನಸ್ಸಿನೊಳಗೆ ಮೊದಲೇ ತುಂಬಿಟ್ಟಿದ್ದ ಸಮ್ಮೋಹನವನ್ನು ಒಂದು ಸಂಕೇತದ ಮಾತಿನಿಂದ ಎಬ್ಬಿಸಲಾಗುತ್ತದೆ. ಕೂಡಲೇ ಪ್ರತಿಯೊಬ್ಬರ ತಲೆಯಲ್ಲಿ ಟಾರನ್‌ಗಳು ಮಾಡಿದ ಘೋರ ಕೃತ್ಯಗಳ ನೆನಪು ಉಕ್ಕುತ್ತದೆ. ಮಕ್ಕಳನ್ನು ಕೊಂದದ್ದು, ಹೆಂಗಸರನ್ನು ಹಿಂಸಿಸಿದ್ದು. ಒಂದೂ ನಡೆದದ್ದಲ್ಲ. ಮಂಡೆಲ್ಲಾನಿಗೆ ಅದು ಸುಳ್ಳೆಂದು ಆ ಕ್ಷಣದಲ್ಲಿಯೂ ಗೊತ್ತಿದೆ. ಟಾರನ್ ಹೇಗಿರುತ್ತದೆ ಎಂದೇ ಯಾರೂ ನೋಡಿರಲಿಲ್ಲವಲ್ಲ, ಹೆಂಗಸರನ್ನು ಹಿಂಸಿಸಿದ್ದನ್ನು ಯಾರು ನೋಡಿದರು? ಗೊತ್ತಿದ್ದೂ ಕೈ ನಿಲ್ಲುವುದಿಲ್ಲ. ಎದುರಿದ್ದ ಟಾರನ್‌ಗಳಿಗೆ ಕೈಕೈ ಮಿಲಾಯಿಸಿ ಹೋರಾಡುವುದೇ ಬಾರದು. ನಿಂತಲ್ಲೇ ಕತ್ತರಿಸಿ ಹಾಕುತ್ತಾರೆ. ಮುಗಿದ ಮೇಲೆ ಸಮ್ಮೋಹನ ಇಳಿಯುತ್ತದೆ, ಮಾಡಿದ್ದು ಉಳಿಯುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಆಪಾ ಎದ್ದು ಹೋಗಿ ಅಕ್ಕಿ ಡಬ್ಬಿಯಿಂದ ರಿಮೋಟು ತೆಗೆದಳು. ಪರದೆಯ ಮೇಲೆ ಸೈರನ್ ಸದ್ದು, ಕೆಂಪು ಅಕ್ಷರ. ಆಚೆಯ ದೇಶದ ಬಂದರು ಭಸ್ಮ, ಇಂಥ ಊರು ನಮ್ಮ ವಶ, ಅವರ ನಾಯಕ ಪರಾರಿ. ಮೇ 8ರ ಆ ರಾತ್ರಿ ಹಲವು ಚಾನೆಲ್‌ಗಳು ಹಾಗೆ ಹೇಳಿದವು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಬಹುಪಾಲು ನಡೆದೇ ಇರಲಿಲ್ಲ ಎಂದು ತಿಳಿಯಿತು. ಆದರೆ ಆ ಎರಡು ಗಂಟೆ ಆಪಾ ನಂಬಿದ್ದಳು. ನಾನೂ ನಂಬಿದ್ದೆ. ಆ ಊರು ನಿಜವಾಗಿ ಬಿದ್ದಿದ್ದರೆ ನಮ್ಮ ಹುಡುಗ ಅಲ್ಲೇ ಎಲ್ಲೋ ಬೆಂಕಿಯ ನಡುವೆ ಇರಬೇಕಲ್ಲ ಎಂದು ಆಪಾ ತಸ್ಬೀಹ್ ಹಿಡಿದು ಕೂತಳು. ಸ್ಟುಡಿಯೋದಲ್ಲಿ ಮಾತ್ರ ಚಪ್ಪಾಳೆ.

ಹಾಲ್ಡೆಮನ್ ಇದನ್ನು ಸುಮ್ಮನೆ ಕಲ್ಪಿಸಿಕೊಂಡವರಲ್ಲ. ಅವರು ಹುಟ್ಟಿದ್ದು 1943ರಲ್ಲಿ. ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದಲ್ಲಿ ಪದವಿ ಮುಗಿಸಿದ 1967ರಲ್ಲೇ ಕಡ್ಡಾಯ ಸೇವೆಯ ಆಜ್ಞೆ ಬಂತು. ವಿಯೆಟ್ನಾಂನಲ್ಲಿ ನೆಲಬಾಂಬು ತೆಗೆಯುವ, ದಾರಿ ಮಾಡುವ ಇಂಜಿನಿಯರ್ ದಳದಲ್ಲಿದ್ದರು. 1968ರಲ್ಲಿ ಸ್ಫೋಟದಲ್ಲಿ ಗಾಯಗೊಂಡರು. ಅವರನ್ನು ಅಲ್ಲಿಗೆ ಕಳಿಸಿದ ಯುದ್ಧ ಹೇಗೆ ಬೆಳೆಯಿತು ನೋಡಿ. 1964ರ ಆಗಸ್ಟ್ 2ರಂದು ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗಿನ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ಮಾಡಿದ್ದು ನಿಜ. ಆಗಸ್ಟ್ 4ರಂದು ಎರಡನೇ ದಾಳಿ ನಡೆಯಿತೆಂದು ಹೇಳಿ, 7ರಂದು ಸಂಸತ್ತಿನಿಂದ ನಿರ್ಣಯ ಪಡೆದರು. ಆ ಎರಡನೇ ದಾಳಿ ನಡೆದೇ ಇರಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆಯ ಇತಿಹಾಸಕಾರರೇ ಬರೆದ ವರದಿ 2005ರಲ್ಲಿ ಹೊರಬಂದಾಗ ಅದು ಕಾಗದದ ಮೇಲೂ ಖಚಿತವಾಯಿತು. ಅಷ್ಟರಲ್ಲಿ ಅವರ ಕಡೆಯೇ 58 ಸಾವಿರ ಮಂದಿ ಸತ್ತು ಮೂವತ್ತು ವರ್ಷಗಳಾಗಿದ್ದವು. ವಿಯೆಟ್ನಾಂನವರ ಸಾವು ಅದರ ಎಷ್ಟೋ ಪಟ್ಟು.

ಇಂಥದೊಂದು ಪುಸ್ತಕವನ್ನು ಆಗ ಯಾರೂ ಅಚ್ಚು ಹಾಕಲು ಒಪ್ಪಲಿಲ್ಲವಂತೆ. ಹದಿನೆಂಟು ಪ್ರಕಾಶಕರು ಹಿಂದಿರುಗಿಸಿದರು. ವಿಯೆಟ್ನಾಂ ಹೆಸರು ಕೇಳಿದರೆ ಜನ ಬೇಸತ್ತಿದ್ದ ಕಾಲ. ಪ್ರಕಟವಾದ ಮೇಲೆ ಆ ಪ್ರಕಾರದ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ನಾಯಕನ ಹೆಸರು ಮಂಡೆಲ್ಲಾ ಎಂಬುದು ಹಾಲ್ಡೆಮನ್ ಅಕ್ಷರಗಳನ್ನು ತಿರುವು ಮುರುವು ಮಾಡಿದ ಹಾಗಿದೆ. ನಾಯಕಿ ಮೇರಿಗೇ ಪಾಟರ್ ಎಂಬುದಂತೂ ಅವರ ಹೆಂಡತಿಯ ತವರಿನ ಹೆಸರೇ.

ಮಿಲಿಟರಿ ಕಾಲೇಜುಗಳಲ್ಲಿ ಹೆಚ್ಚು ಓದುವುದು ಇನ್ನೊಂದು ಪುಸ್ತಕವಂತೆ, ರಾಬರ್ಟ್ ಹೈನ್‌ಲೈನ್ 1959ರಲ್ಲಿ ಬರೆದ 'ಸ್ಟಾರ್‌ಶಿಪ್ ಟ್ರೂಪರ್ಸ್'. ಅಮೆರಿಕದ ಮರೀನ್ ದಳದ ಓದುಪಟ್ಟಿಯಲ್ಲಿಯೂ ಅದು ಇತ್ತು. ಅದರ ನಾಯಕ ಜುವಾನ್ ರಿಕೋ ಕೂಡ ಯುವ ಅಧಿಕಾರಿಯೇ. ಯುದ್ಧದ ಆರಂಭದಲ್ಲಿ ಶತ್ರುಗಳು ಒಂದು ನಗರವನ್ನೇ ನಾಶ ಮಾಡಿದಾಗ ಅವನ ತಾಯಿ ಅಲ್ಲಿ ಸಾಯುತ್ತಾಳೆ. ಅವನಿಗೆ ಯುದ್ಧ ಕರ್ತವ್ಯವಾಗುತ್ತದೆ, ಅದರಲ್ಲಿ ಅವನು ಬೆಳೆಯುತ್ತಾನೆ. ರಿಕೋನ ಮನೆಮಾತು ಟಗಾಲೋಗ್, ಅವನು ಫಿಲಿಪಿನೋ ಎಂಬುದನ್ನು ಲೇಖಕರು ಕೊನೆಯವರೆಗೂ ಹೇಳುವುದಿಲ್ಲ. ಅಲ್ಲಿಯವರೆಗೆ ಅವನನ್ನು ನಮ್ಮವನೆಂದುಕೊಂಡ ಬಿಳಿಯ ಓದುಗನಿಗೆ ಅದೊಂದು ಒಳ್ಳೆಯ ಪೆಟ್ಟು. ಇದು ನನಗೆ ಇಷ್ಟವಾಯಿತು. ಆದರೆ ಹೈನ್‌ಲೈನ್ ನೌಕಾಪಡೆಯಲ್ಲಿದ್ದು ಕ್ಷಯದಿಂದ 1934ರಲ್ಲಿ ನಿವೃತ್ತರಾದವರು, ಯುದ್ಧ ಮಾಡಿದವರಲ್ಲ. ಹುಡುಗ ಈದ್‌ಗೆ ಬಂದಾಗ ಎರಡನ್ನೂ ಹೋಲಿಸಿ ಮಾತಾಡಿದ್ದ. "ಖಾಲಾ, ಅದನ್ನು ಓದಿದರೆ ಸೈನ್ಯಕ್ಕೆ ಸೇರಬೇಕು ಅನಿಸುತ್ತೆ. ಇದನ್ನು ಓದಿದರೆ..." ಎಂದು ಸುಮ್ಮನಾಗಿದ್ದ. ನಾನು ಶೀರ್ ಖುರ್ಮಾ ಬಡಿಸುವ ಗಡಿಬಿಡಿಯಲ್ಲಿ ಮುಂದೆ ಕೇಳಲಿಲ್ಲ.

ಮೂರನೇ ರಾತ್ರಿ ಶುಕ್ರವಾರ. ಆಪಾ ಪ್ರತಿ ಜುಮ್ಮಾದಂದು ಸೂರಃ ಕಹಫ್ ಓದುವವಳು. ಅಂದು ಓದಿ ಮುಗಿಸಿ ರೆಹಲ್ ಮಡಿಚಿಟ್ಟು ಬಂದು ಕೂತಳು. ನಾನು ಆ ದಿನ ಓದಿದ ಭಾಗ ಮಂಡೆಲ್ಲಾ ಭೂಮಿಗೆ ಹಿಂದಿರುಗುವುದು. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಪ್ರಯಾಣಿಸುವವರಿಗೆ ಕಾಲ ನಿಧಾನ. ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು. ಬೆಳಕಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ವೇಗದಲ್ಲಿ ಹೋಗುವ ಹಡಗಿನಲ್ಲಿ ಒಂದು ವರ್ಷ ಕಳೆದರೆ ಭೂಮಿಯಲ್ಲಿ ಏಳು ವರ್ಷ. ವೇಗ ಇನ್ನೂ ಹೆಚ್ಚಿ ಶೇಕಡ 99.99 ಆದರೆ ಎಪ್ಪತ್ತು. ಇದು ಬರೀ ಕಾದಂಬರಿಯ ಮಾತಲ್ಲ. ನಮ್ಮ ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ವೇಗದ ಕಾರಣಕ್ಕೆ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದ ಕಾರಣಕ್ಕೆ 45 ಮುಂದೆ ಓಡುತ್ತದೆ. ಆ ವ್ಯತ್ಯಾಸವನ್ನು ತಿದ್ದದಿದ್ದರೆ ನಕ್ಷೆ ದಿನಕ್ಕೆ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಹುಡುಗನೇ ಒಮ್ಮೆ ವಿವರಿಸಿದ್ದ.

ಆಪಾಗೆ ಮೈಕ್ರೋಸೆಕೆಂಡ್ ಬೇಕಾಗಲಿಲ್ಲ. "ಅಸ್‌ಹಾಬೆ ಕಹಫ್‌ನ ಹಾಗೆ" ಎಂದಳು. ನನಗೆ ಮೈ ಜುಮ್ಮೆಂದಿತು. ಈಗ ತಾನೆ ಓದಿ ಬಂದದ್ದಲ್ಲವೇ. ಗುಹೆಯಲ್ಲಿ ಮಲಗಿ ಎದ್ದ ಯುವಕರು ಒಂದು ದಿನವೋ ಅರ್ಧ ದಿನವೋ ಕಳೆದಿರಬೇಕು ಎಂದುಕೊಳ್ಳುತ್ತಾರೆ. ಕಳೆದದ್ದು ಮುನ್ನೂರೊಂಬತ್ತು ವರ್ಷ. ಒಬ್ಬನನ್ನು ನಾಣ್ಯ ಕೊಟ್ಟು ಊಟ ತರಲು ಪೇಟೆಗೆ ಕಳಿಸುತ್ತಾರೆ. ಆ ನಾಣ್ಯವೇ ಹಳೆಯದಾಗಿರುತ್ತದೆ. ನಾನು ಅವಳಿಗೆ ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮಾಸ್ತರು ಹೇಳಿದ್ದ ರೇವತಿಯ ಕಥೆ ಹೇಳಿದೆ. ಮಗಳಿಗೆ ವರ ಕೇಳಲು ರಾಜ ಅವಳನ್ನು ಕರೆದುಕೊಂಡು ಬ್ರಹ್ಮನ ಸಭೆಗೆ ಹೋಗುತ್ತಾನೆ. ಅಲ್ಲಿ ಗಾಯನ ನಡೆದಿರುತ್ತದೆ, ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳು ಕಳೆದು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿರುವುದಿಲ್ಲ. ಕೊನೆಗೆ ಬಲರಾಮನಿಗೆ ಕೊಡುತ್ತಾನೆ. "ಆ ಹುಡುಗಿಯನ್ನು ಯಾರಾದರೂ ಕೇಳಿದರಾ?" ಎಂದಳು ಆಪಾ.

ಮಂಡೆಲ್ಲಾನಿಗೆ ಎರಡು ವರ್ಷ ಕಳೆದಿರುತ್ತದೆ. ಭೂಮಿಗೆ ಇಪ್ಪತ್ತಾರು. ಕಥೆಯಲ್ಲಿ ಅವನು ಬಂದಿಳಿಯುವ ಇಸವಿ 2024. ಐವತ್ತು ವರ್ಷ ಹಿಂದೆ ಬರೆದವರಿಗೆ ಅದು ಬಹು ದೂರದ ಭವಿಷ್ಯ, ನಮಗೆ ಆಗಲೇ ಕಳೆದುಹೋದ ಕಾಲ. ಮಗ ಇನ್ನೂ ಇಪ್ಪತ್ತರ ಹರೆಯದಲ್ಲಿ, ತಾಯಿ ಎಂಬತ್ತು ದಾಟಿದ ಮುದುಕಿ. ತಂದೆ ಇಲ್ಲ. ಈ ಪುಟದ ಅಂಚಿನಲ್ಲಿ ಹುಡುಗ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಇಡೀ ಪುಸ್ತಕದಲ್ಲಿ ಅವನು ಗೆರೆ ಎಳೆದದ್ದು ಅಲ್ಲೊಂದೇ. ಕಾಳಗದ ಪುಟಗಳಲ್ಲಿ ಎಲ್ಲೂ ಇಲ್ಲ.

ಮುಂದೆ ಏನಾಗುತ್ತದೆ ಎಂದರೆ, ಆ ಭವಿಷ್ಯದ ಸರ್ಕಾರ ವಯಸ್ಸಾದವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ತೆಗೆದುಹಾಕಿರುತ್ತದೆ. ಎಪ್ಪತ್ತು ತುಂಬಿದ ದಿನ ನಿಮ್ಮ ಅಂಕ ಸೊನ್ನೆ. ತಾಯಿ ಕಾಯಿಲೆ ಬೀಳುತ್ತಾಳೆ. ಅವಳ ಮಗ ನಕ್ಷತ್ರಗಳಾಚೆ ಭೂಮಿಗಾಗಿ ಕಾದಾಡಿ ಬಂದವನು, ಕೈಯಲ್ಲಿ ಇಪ್ಪತ್ತಾರು ವರ್ಷದ ಸಂಬಳ ಇದೆ, ಒಬ್ಬ ಡಾಕ್ಟರನ್ನು ಕರೆತರಲು ಅವನಿಂದ ಆಗುವುದಿಲ್ಲ. ಅವಳು ಸಾಯುತ್ತಾಳೆ. ಆಮೇಲೆ ಅವನಿಗೆ ಆ ಭೂಮಿಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ, ಮೇರಿಗೇ ಜೊತೆ ಮತ್ತೆ ಸೈನ್ಯಕ್ಕೆ ಸೇರುತ್ತಾನೆ. ಮೊದಲು ಪತ್ರಿಕೆಯಲ್ಲಿ ಬರುವಾಗ ಸಂಪಾದಕ ಬೆನ್ ಬೋವಾ ಭೂಮಿಗೆ ಮರಳುವ ಈ ಭಾಗ ತೀರಾ ಕತ್ತಲಾಯಿತು ಎಂದು ಒಪ್ಪಲಿಲ್ಲ. ಹಾಲ್ಡೆಮನ್ ಸ್ವಲ್ಪ ಹಗುರವಾದ ಬೇರೆ ಭಾಗ ಬರೆದುಕೊಟ್ಟರು. ಮೂಲ ಬರಹ ಪುಸ್ತಕಕ್ಕೆ ಮರಳಿದ್ದು ಎಷ್ಟೋ ವರ್ಷಗಳ ನಂತರದ ಮುದ್ರಣದಲ್ಲಿ.

ನಾನು ಮಾಡಿದ್ದೂ ಅದನ್ನೇ. ತಾಯಿ ಸತ್ತದ್ದನ್ನು ಆಪಾಗೆ ಹೇಳಲಿಲ್ಲ. ಮಗ ಬಂದ, ತಾಯಿಯನ್ನು ಕಂಡ, ಕೆಲಸ ಸಿಗಲಿಲ್ಲ, ಊರು ಹೊಂದಲಿಲ್ಲ, ಮತ್ತೆ ಹೊರಟ ಎಂದು ಹೇಳಿ ದಾಟಿಸಿಬಿಟ್ಟೆ. ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಸತ್ಯ ಹೇಳದ ಕಥೆ ಕಥೆಯೇ ಅಲ್ಲ ಎಂದು ಎರಡು ಮೂರು ಸಭೆಗಳಲ್ಲಿ ಭಾಷಣ ಮಾಡಿದವಳು. ಆದರೆ ಎದುರಿಗೆ ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡ ಆಪಾ ಕೂತಿದ್ದಳು.

"ಹೊರಡುವಾಗ ತಾಯಿ ಏನು ಕಟ್ಟಿಕೊಟ್ಟಳು?" ಎಂದು ಕೇಳಿದಳು.

"ಅದು ಪುಸ್ತಕದಲ್ಲಿ ಇಲ್ಲ" ಎಂದೆ.

ಅವಳು ಇನ್ನೇನೂ ಕೇಳದೆ ಮಗ್ಗುಲಾದಳು.

ಮೇ 10ರ ಸಂಜೆ 5ಕ್ಕೆ ಎರಡೂ ಕಡೆಯಿಂದ ಗುಂಡು ನಿಲ್ಲಿಸುವುದೆಂದು ಘೋಷಣೆಯಾಯಿತು. ರಾತ್ರಿ ಮತ್ತೆ ಡ್ರೋನ್ ಸುದ್ದಿ ಬಂತು. ಆಪಾ ನಂಬುವುದೋ ಬಿಡುವುದೋ ತಿಳಿಯದೆ, "ಕಥೆ ಮುಗಿಸಿಬಿಡು" ಎಂದಳು. ನಾನು ಕೊನೆಯ ನೂರು ಪುಟ ಒಂದೇ ಉಸಿರಿನಲ್ಲಿ ಓದಿದ್ದೆ.

ಮತ್ತೆ ಸೇರಿದ ಇಬ್ಬರಿಗೂ ಲೆಫ್ಟಿನೆಂಟ್ ಹುದ್ದೆ ಕೊಡುತ್ತಾರೆ. ಚಂದ್ರನ ಮೇಲೆ ಹೊಸಬರಿಗೆ ಪಾಠ ಹೇಳುವ ಕೆಲಸ ಎಂದು ಮಾತು ಕೊಟ್ಟವರು, ಸೇರಿದ ಕೂಡಲೇ ಯುದ್ಧಕ್ಕೆ ಹೋಗುವ ಆಜ್ಞೆ ಕೈಗಿಡುತ್ತಾರೆ. (ಇಲ್ಲಿ ಆಪಾ ನಕ್ಕಳು. ಭಾವನ ವರ್ಗಾವಣೆ ನೆನಪಾಗಿರಬೇಕು.) ಅವನ ಕಾಲು ಹೋಗುತ್ತದೆ, ಅವಳ ಕೈ ಹೋಗುತ್ತದೆ, ವೈದ್ಯರು ಹೊಸದನ್ನು ಬೆಳೆಸುತ್ತಾರೆ. ನಂತರ ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಕಳಿಸುತ್ತಾರೆ. ಆ ವೇಗದಲ್ಲಿ ಬೇರೆ ದಿಕ್ಕು ಎಂದರೆ ಬೇರೆ ಶತಮಾನ. ಒಬ್ಬರು ಬದುಕಿರುವಾಗಲೇ ಇನ್ನೊಬ್ಬರಿಗೆ ಸತ್ತು ಹೋಗಿರುತ್ತಾರೆ.

ಮೇಜರ್ ಆದ ಮಂಡೆಲ್ಲಾನ ಕೈಕೆಳಗಿನ ಹುಡುಗರು ಅವನಿಗಿಂತ ನೂರಾರು ವರ್ಷ ನಂತರ ಹುಟ್ಟಿದವರು. ಅವರ ರೀತಿನೀತಿ, ಸಂಬಂಧಗಳು ಎಲ್ಲ ಬೇರೆ. ಅದೆಲ್ಲವನ್ನೂ ನಾನು ಆಪಾಗೆ ಹೇಳಲಿಲ್ಲ, ಅದಕ್ಕೆ ಕಾರಣ ಯುದ್ಧವಲ್ಲ, ಸಂಕೋಚ. ಒಂದು ಸಂಗತಿ ಮಾತ್ರ ಹೇಳಿದೆ. ಅವನ ಇಂಗ್ಲಿಷ್ ಅವರಿಗೆ ಸತ್ತ ಭಾಷೆ. ತಮ್ಮ ಮೇಜರ್ ಜೊತೆ ಮಾತಾಡಲೆಂದೇ ಅವರೆಲ್ಲ ಆ ಹಳೆಯ ಭಾಷೆಯನ್ನು ಪಾಠದಂತೆ ಕಲಿತು ಬಂದಿರುತ್ತಾರೆ. ಇದನ್ನು ಓದುವಾಗ ನನಗೆ ನಮ್ಮ ಉರ್ದು ಶಾಲೆಯ ನೆನಪಾಯಿತು. ಈಗ ನನ್ನ ಮಕ್ಕಳಿಗೆ ಅಬ್ಬಾನ ಟ್ರಂಕಿನ ಪುಸ್ತಕಗಳ ಲಿಪಿ ಓದಲು ಬಾರದು. ಅವರು ಕಲಿತುಕೊಂಡು ಬಂದು ನನ್ನ ಹತ್ತಿರ ಮಾತಾಡುತ್ತಾರೆಂಬ ಆಸೆಯೂ ಇಲ್ಲ. ಇರಲಿ.

ಯುದ್ಧ 1143 ವರ್ಷ ನಡೆಯುತ್ತದೆ. ಮಂಡೆಲ್ಲಾ ತನ್ನ ಕೊನೆಯ ಕಾಳಗ ಮುಗಿಸಿ ಬರುವಾಗ ಅದು ನಿಂತು ಇನ್ನೂರು ವರ್ಷವೇ ದಾಟಿರುತ್ತದೆ. ಅವನು ಮತ್ತು ಅವನ ಹುಡುಗರು ಕಾದಾಡಿ ಸತ್ತದ್ದು ಮುಗಿದುಹೋದ ಯುದ್ಧಕ್ಕಾಗಿ. ನಿಂತದ್ದು ಹೇಗೆಂದರೆ, ಟಾರನ್‌ಗಳ ಜೊತೆ ಮಾತಾಡಬಲ್ಲ ಒಂದು ಹೊಸ ಬಗೆಯ ಮನುಷ್ಯಕುಲ ಅಷ್ಟರಲ್ಲಿ ಹುಟ್ಟಿರುತ್ತದೆ. ಮಾತು ಶುರುವಾದ ಮೇಲೆ ಗೊತ್ತಾಗುವುದು ಇಷ್ಟು. ಮೊದಲು ಹೊಡೆದದ್ದು ಟಾರನ್‌ಗಳಲ್ಲ. ಆರಂಭದಲ್ಲಿ ಕಳೆದುಹೋದ ಹಡಗುಗಳಿಗೆ ಅವರು ಕಾರಣರೇ ಅಲ್ಲ. ನೀವು ಯಾಕೆ ಶುರು ಮಾಡಿದಿರಿ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅಲ್ಲಿಯವರೆಗೆ ಕೇಳಲು ಇಬ್ಬರಿಗೂ ಭಾಷೆ ಇರಲಿಲ್ಲ.

ಆಪಾ ಬಹಳ ಹೊತ್ತು ಸುಮ್ಮನಿದ್ದಳು. ನಂತರ, "ನಮ್ಮವರಿಗೂ ಅವರಿಗೂ ಭಾಷೆ ಒಂದೇ ಅಲ್ಲವೇ?" ಎಂದಳು. ಇದಕ್ಕೆ ಹಾಲ್ಡೆಮನ್ ಅವರ ಕಾದಂಬರಿಯಲ್ಲಿ ಉತ್ತರವಿಲ್ಲ. ಅಲ್ಲಿ ಮಾತು ಬಂದರೆ ಯುದ್ಧ ನಿಲ್ಲುತ್ತದೆ. ನನಗೆ ಪುಸ್ತಕದ ಒಂದು ದೌರ್ಬಲ್ಯ ಕಂಡದ್ದು ಅಲ್ಲೇ, ಅದೂ ಆಪಾ ಹೇಳಿದ ಮೇಲೆ.

ಮೇರಿಗೇ ಕಾಯುತ್ತಿರುತ್ತಾಳೆ ಎಂದು ಹೇಳಿದಾಗ ಮಾತ್ರ ಅವಳ ಮುಖ ಅರಳಿತು. ಅವಳು ಒಂದು ಹಡಗು ಕೊಂಡು ಬೆಳಕಿನ ವೇಗದಲ್ಲಿ ಹೋಗಿ ಬರುತ್ತಾ ಇರುತ್ತಾಳೆ, ಹತ್ತು ವರ್ಷಕ್ಕೆ ತನಗೆ ಒಂದೇ ತಿಂಗಳು ವಯಸ್ಸಾಗುವಂತೆ. ಅವನು ಬರುವವರೆಗೆ ಮುದುಕಿಯಾಗದಿರಲು. "ತಾಯಂದಿರಿಗೆ ಅಂಥ ಹಡಗು ಯಾರೂ ಕೊಡುವುದಿಲ್ಲ" ಎಂದಳು ಆಪಾ.

ಭಾನುವಾರ ಬೆಳಿಗ್ಗೆ ಫಜರ್ ಹೊತ್ತಿಗೆ ಫೋನ್ ಬಂತು. ಇಪ್ಪತ್ತು ಸೆಕೆಂಡ್ ಮಾತು. ಗೌಡರ ಮನೆಯ ಮುದುಕಿ ಗೋಡೆ ಹತ್ತುವುದೊಂದು ಬಾಕಿ.

ಆಗಸ್ಟ್‌ನಲ್ಲಿ ಹುಡುಗ ರಜೆಗೆ ಬಂದ. ತೆಳ್ಳಗಾಗಿದ್ದ. ಆ ನಾಲ್ಕು ರಾತ್ರಿಗಳ ಬಗ್ಗೆ ಹೆಚ್ಚು ಹೇಳಲಿಲ್ಲ, ನಾವು ಕೇಳಲಿಲ್ಲ. ಊಟಕ್ಕೆ ಕೂತಾಗ ಒಂದು ಸಲ ಮಾತ್ರ ನಗುತ್ತಾ, "ಫೋನ್ ವಾಪಸು ಸಿಕ್ಕಮೇಲೆ ಟಿವಿ ಕ್ಲಿಪ್ ನೋಡಿದೆವು ಖಾಲಾ, ನಾವು ಯಾವ ಯಾವ ಊರು ಗೆದ್ದಿದ್ದೇವೆ ಅಂತ. ಹುಡುಗರು ಕೇಳಿದರು, ಸರ್, ನಾವು ಯಾವಾಗ ಹೋಗಿ ಬಂದೆವು?" ಎಂದ. ಮೊದಲು ಫ್ಯಾನು ಜೋರಾಗಿ ಹಾಕಿಕೊಂಡು ಮಲಗುವ ಅಭ್ಯಾಸದವನು, ಈ ಸಲ ಫ್ಯಾನು ಆರಿಸಿ ಮಲಗಿದ. ಸದ್ದು ಬೇಡ ಎಂದ. ಅದು ಡ್ರೋನಿನ ಸದ್ದಿನ ಹಾಗಿರುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಆಪಾ ಶೇಂಗಾ ಹುರಿಯುತ್ತಿದ್ದಳು, ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹುಡುಗ ಹೊಸ್ತಿಲ ಮೇಲೆ ಕೂತು, "ಖಾಲಾ, ಅಮ್ಮಿಗೆ ಇಡೀ ಪುಸ್ತಕ ಹೇಳಿದಿರಂತೆ. ಆದರೆ ಅದೊಂದು ಹೇಳಿಲ್ಲ, ಅಲ್ಲವಾ?" ಎಂದು ಮೆಲ್ಲಗೆ ಕೇಳಿದ. ನಾನು ತಲೆ ಎತ್ತಲಿಲ್ಲ.

ಆಪಾ ಸೌಟು ಆಡಿಸುತ್ತಲೇ ಹೇಳಿದಳು. "ಆ ತಾಯಿ ಸತ್ತದ್ದು ತಾನೆ? ನನಗೆ ಅವತ್ತೇ ಗೊತ್ತಾಯಿತು. ಬದುಕಿದ್ದರೆ ಮಗನನ್ನು ಬರಿಗೈಯಲ್ಲಿ ಕಳಿಸುತ್ತಿದ್ದಳಾ?"

ನಂತರ ಅವಳು ಶೇಂಗಾ ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಗೆ ಒತ್ತಿ ಒತ್ತಿ ತುಂಬಿ, ಮುಚ್ಚಳದ ಸುತ್ತ ಹಳೆಯ ಓಢಣಿಯ ಅಂಚು ಹರಿದು ಬಿಗಿಯಾಗಿ ಕಟ್ಟಿದಳು. ಎರಡು ಡಬ್ಬಿ ಇದ್ದವು. ಒಂದು ಅವನ ಹುಡುಗರಿಗಂತೆ.